ಹತ್ತು ಗಂಟೆಯ ಫೋನು

ಬಾಗಿಲಲ್ಲಿ ನಿಂತು ಅವನು ಒಳಗೆ ಬರುವ ಗಂಡಸರನ್ನೆಲ್ಲ ತಡೆದು ತಡೆದು ನೋಡುತ್ತಿದ್ದ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಚೆಕಿಂಗ್ ಮಾಡಿದವನು. ಟಿಕೆಟ್ ಇದ್ದವರೂ ಅವನ ಮುಂದೆ ಗಾಬರಿಯಿಂದ ಜೇಬು ತಡಕುತ್ತಿದ್ದರು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಸಿದ ಹೆಂಡತಿಯ ಶವ ನಡುಮನೆಯಲ್ಲಿತ್ತು. ಅವನ ಕಣ್ಣು ಮಾತ್ರ ಡ್ಯೂಟಿ ಬಿಟ್ಟಿರಲಿಲ್ಲ.

"ಭಾವ, ಅಕ್ಕನ ಹತ್ರ ಬಂದು ಕೂತ್ಕೊಳ್ಳಿ. ಬಂದವರನ್ನ ನಾನು ನೋಡ್ಕೋತೀನಿ," ಎಂದಳು ಹೆಂಡತಿಯ ತಂಗಿ.

"ಬೆಳಿಗ್ಗೆ ಹತ್ತಕ್ಕೆ ಅವಳ ಫೋನಿಗೆ ಮಾಡಿದ್ನಲ್ಲ, ಅವನು ಏನಂದ?"

"ಅಕ್ಕ ಹೋಗ್ಬಿಟ್ಲು ಅಂದೆ. ಆಮೇಲೆ ವಿಳಾಸ ಕೇಳಿದ, ಕೊಟ್ಟೆ."

"ವಿಳಾಸ ಗೊತ್ತಿಲ್ವಂತಾ? ಎಂಥಾ ನಾಟಕ!" ಅವನು ಮತ್ತೆ ಬಾಗಿಲಿಗೆ ತಿರುಗಿದ.

*

ಹಿಂದಿನ ಕೋಣೆಯಲ್ಲಿ ಹೆಂಡತಿ ಕರ್ಟನ್ ಹೊಲಿಯುವ ವ್ಯಾಪಾರ ಶುರುಮಾಡಿದ್ದಳು. ಕೈ ಚೆನ್ನಾಗಿತ್ತು, ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಂಚು ಮಡಿಸುತ್ತಾ ಕತ್ತರಿ ಹುಡುಕಲು ಏಳುವಳು, ಕತ್ತರಿ ಹುಡುಕುತ್ತಾ ಕಪಾಟು ಜೋಡಿಸಲು ಕೂರುವಳು. ಮಧ್ಯಾಹ್ನದ ಹೊತ್ತಿಗೆ ಕಪಾಟು ಲಕಲಕ, ಕರ್ಟನ್ ನೆಲದ ಮೇಲೆ. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಡಾಕ್ಟರು ಅದಕ್ಕೆ ಎಡಿಎಚ್‌ಡಿ ಅಂತ ಹೆಸರು ಹೇಳಿದರು. "ಐವತ್ತು ವರ್ಷಕ್ಕೆ ಮಕ್ಕಳ ಕಾಯಿಲೆ!" ಎಂದು ಅವನು ನಕ್ಕಿದ್ದ.

ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಸರಿಹೋಯಿತು. ಹೇಳಿದ ದಿನಕ್ಕೆ ಕರ್ಟನ್ ಹೊರಟವು, ಒಂದು ಲಾಡ್ಜಿನ ನಲವತ್ತು ಕಿಟಕಿಗಳ ಆರ್ಡರು ಸಿಕ್ಕಿತು, ಎರಡನೇ ಮೆಷಿನ್ ಬಂತು. ಅವನಿಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ದಿನಾ ಹತ್ತಕ್ಕೆ ಅವಳಿಗೊಂದು ಫೋನು ಬರುತ್ತಿತ್ತು, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿತ್ತು. ಹನ್ನೆರಡರವರೆಗೆ ಅವಳು ಫೋನು ಇಡುತ್ತಿರಲಿಲ್ಲ. ಒಮ್ಮೆ ರಜೆ ಹಾಕಿ ಬಾಗಿಲಿಗೆ ಕಿವಿಕೊಟ್ಟ. ಒಳಗೆ ಮೆಷಿನ್ ಸದ್ದು, ಫೋನಿನಿಂದ ಗಿರ್ರ್ ಅನ್ನುವ ಇನ್ಯಾವುದೋ ಸದ್ದು. ಎರಡು ಗಂಟೆಯಲ್ಲಿ ಒಂದೇ ಒಂದು ಮಾತಿಲ್ಲ. ಮಾತಾಡಿದ್ದರೆ ಹಿಡಿಯಬಹುದಿತ್ತು, ಮಾತೇ ಆಡದವರನ್ನು ಹಿಡಿಯುವುದು ಹೇಗೆ?

"ಯಾರದು?" ಎಂದರೆ, "ಕೆಲಸದ ಫೋನು" ಎನ್ನುತ್ತಿದ್ದಳು. ಐದು ವರ್ಷ ಅವನು ಆ ಉತ್ತರವನ್ನು ನಂಬಲಿಲ್ಲ.

*

ಮೂರು ಗಂಟೆಗೆ ಕುಳ್ಳನೆಯ, ಬೋಳುತಲೆಯ ಒಬ್ಬಾತ ಬಂದ. ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ.

"ಬೆಳಿಗ್ಗೆ ಫೋನ್ ಮಾಡಿದ್ದು ನಾನು."

"ಗೊತ್ತಾಯ್ತು. ಬನ್ನಿ, ನೀವು ನೋಡದೇ ಇರೋ ಮುಖವೇನಲ್ಲ."

"ನೋಡಿಲ್ಲ ಸಾರ್," ಎಂದ ಆತ. "ಅದಕ್ಕೇ ಬಂದೆ. ಒಂದ್ಸಲ ನೋಡಬಹುದಾ?"

ಶವದ ಮುಂದೆ ಆತ ಕೈಕಟ್ಟಿ ನಿಂತ. "ಇಷ್ಟು ಸಣ್ಣಗಿದ್ರಾ! ಮೆಷಿನ್ ತುಳಿಯೋ ಸದ್ದು ಕೇಳಿ ದಪ್ಪ ಇರ್ತಾರೆ ಅನ್ಕೊಂಡಿದ್ದೆ."

"ಹಾಗಾದ್ರೆ ಐದು ವರ್ಷ ಏನ್ ಮಾಡ್ತಿದ್ರಿ ಇಬ್ರೂ?"

"ನಾನು ಹಲ್ಲಿನ ಸೆಟ್ ಮಾಡೋನು ಸಾರ್. ನನಗೂ ಅವರದೇ ತೊಂದರೆ. ಡಾಕ್ಟರೇ ನಂಬರ್ ಕೊಟ್ರು. ಅವರು ಅಲ್ಲಿ ಹೊಲೀತಿದ್ರು, ನಾನು ಇಲ್ಲಿ ಸೆಟ್‌ಗೆ ಪಾಲಿಶ್ ಹಾಕ್ತಿದ್ದೆ. ಜೊತೆಗೊಬ್ಬರು ಇದ್ದಾರೆ ಅಂದ್ರೆ ನಮ್ಮಂಥವರ ಕೈ ಕೆಲಸ ಬಿಟ್ಟು ಓಡಲ್ಲ. ಮಾತು ಬೇಡ, ಇದ್ರೆ ಸಾಕು."

"ಇದ್ರೆ ಸಾಕು ಅಂದ್ರೆ, ನಾನಿರ್ಲಿಲ್ವಾ? ನನ್ನನ್ನ ಕೇಳಬಹುದಿತ್ತಲ್ಲ!"

ಆತ ಮುಜುಗರದಿಂದ ತನ್ನ ಉಗುರು ನೋಡಿಕೊಂಡ. "ಮೊದಲು ನಿಮ್ಮನ್ನೇ ಕೇಳಿದ್ರಂತೆ. ಮೊದಲನೇ ದಿನ ಹೇಳಿದ್ರು."

ಕೇಳಿದ್ದಳು. "ಒಂದು ಗಂಟೆ ಸುಮ್ನೆ ಪಕ್ಕದಲ್ಲಿ ಕೂತಿರಿ" ಎಂದಿದ್ದಳು. ಅವನು ಕೂತದ್ದು ಹತ್ತೇ ನಿಮಿಷ. ಅಷ್ಟರಲ್ಲಿ ನಾಲ್ಕು ಸಲ "ಇನ್ನೂ ಆಗಿಲ್ವಾ?" ಎಂದಿದ್ದ, ಅಂಚು ಸೊಟ್ಟಗಿದೆ ಎಂದು ಬೆರಳಿಟ್ಟು ತೋರಿಸಿದ್ದ, "ನನಗೇನು ಬೇರೆ ಕೆಲಸ ಇಲ್ವಾ" ಎಂದು ಎದ್ದು ಹೋಗಿದ್ದ. ಅವಳು ಮತ್ತೆ ಕೇಳಲಿಲ್ಲ.

ಸ್ಮಶಾನಕ್ಕೆ ಹೋಗಲು ಕರೆಸಿದ್ದ ವ್ಯಾನಿನ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಸಾರ್, ಹೊರಡೋಣ್ವಾ? ಹೊತ್ತಾಯ್ತು."

ಅವನು ಕುರ್ಚಿ ಎಳೆದು ಹೆಂಡತಿಯ ಪಕ್ಕದಲ್ಲಿ ಕೂತ. ಏನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿಕೊಂಡ. ಹಲ್ಲಿನವನು ಡ್ರೈವರನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಸದ್ದಾಗದಂತೆ ಬಾಗಿಲು ಎಳೆದ.