ನಗು ಅಂಟಿಸಿದ ಬಾಯಿ

“ಇದನ್ನ ಒರೆಸ್ರಿ. ಈಗಲೇ ಒರೆಸ್ರಿ!”

ಡಾರ್ಲೀನ್ ಒಂದು ಕೈಯಲ್ಲಿ ಶವಪೆಟ್ಟಿಗೆಯ ಅಂಚನ್ನೂ ಇನ್ನೊಂದರಲ್ಲಿ ಅಂತ್ಯಕ್ರಿಯೆಯಲ್ಲಿ ಊದಲು ತಂದ ತನ್ನ ಕ್ಲಾರಿನೆಟ್ಟನ್ನೂ ಬಿಗಿಹಿಡಿದಿದ್ದಳು. ಒಳಗೆ ವರ್ನಾ ಕುಬಿಚೆಕ್ ನಗುತ್ತಿದ್ದರು. ಓಹಾಯೋದ ಆ ಪುಟ್ಟ ಊರಿನ ಶಾಲೆಯಲ್ಲಿ ಅಪ್ಪಂದಿರಿಗೂ ಅವರ ಮಕ್ಕಳಿಗೂ ಕ್ಲಾರಿನೆಟ್ ಕಲಿಸಿದ ಮೇಡಂ, ತುಟಿಯ ಕೊನೆಗಳನ್ನು ಕೆನ್ನೆಯತ್ತ ಎಳೆದುಕೊಂಡು, ಟೂತ್‌ಪೇಸ್ಟ್ ಜಾಹೀರಾತಿನವಳಂತೆ ನಗುತ್ತಿದ್ದರು.

ಹೆಣ ಸಿಂಗರಿಸುವ ಗ್ರೇಡಿ ತಲೆ ತಗ್ಗಿಸಿದ. “ಅವರ ಅಣ್ಣನ ಮಗ ಹೇಳಿದ ಹಾಗೆ ಮಾಡಿದ್ದೀನಮ್ಮ.”

“ಹೌದು, ನಾನೇ ಹೇಳಿದ್ದು,” ಎಂದ ಕರ್ಟಿಸ್. “ಅತ್ತೆ ಜೀವಮಾನ ಪೂರ್ತಿ ಮುಖ ಗಂಟಿಕ್ಕೊಂಡೇ ಇದ್ರು. ಹೋಗೋವಾಗಾದ್ರೂ ನಗ್ತಾ ಹೋಗ್ಲಿ. ನಿಮಗೇನ್ರೀ ಕಷ್ಟ?”

“ಅವರು ಬದುಕಿದ್ದಾಗ ಒಂದು ಸಲ ಬಂದು ಮುಖ ನೋಡಿದ್ರೇನ್ರೀ ನೀವು?”

“ಮನೆಯವನು ನಾನು. ನೀವಲ್ಲ.” ಕರ್ಟಿಸ್ ಟೈ ಸರಿಮಾಡಿಕೊಂಡು, ಬಂದವರನ್ನು ಎದುರುಗೊಳ್ಳಲು ಹೊರಗೆ ಹೋದ.

*

ಆರನೇ ತರಗತಿಯಲ್ಲಿ ಡಾರ್ಲೀನ್ ಊದಿದಾಗೆಲ್ಲ ಕ್ಲಾರಿನೆಟ್ ಬಾತುಕೋಳಿಯಂತೆ ಕಿರುಚುತ್ತಿತ್ತು. ಇಡೀ ಬ್ಯಾಂಡ್ ನಗುತ್ತಿತ್ತು, ಜೊತೆಗೆ ಅವಳೂ ನಗುತ್ತಿದ್ದಳು. ಬೈದರೂ ನಗುವುದು, ತಳ್ಳಿದರೂ ನಗುವುದು ಅವಳಿಗೆ ಮನೆಯಲ್ಲೇ ರೂಢಿಯಾಗಿತ್ತು.

ಮೇಡಂ ಅವಳ ಮುಂದೆ ಕೈಗನ್ನಡಿ ಹಿಡಿದರು.

“ನೋಡು, ಊದೋವಾಗ್ಲೂ ನಗ್ತಿದ್ದೀಯ. ಅದಕ್ಕೇ ಅದು ಕಿರುಚೋದು. ಕೆಳತುಟಿ ಹಲ್ಲಿನ ಮೇಲೆ ಸ್ವಲ್ಪ ಮಡಚು. ಮೇಲಿನ ಹಲ್ಲು ವಾದ್ಯದ ಮೇಲೆ ಕೂರ್ಲಿ. ಗದ್ದ ಕೆಳಗೆಳಿ, ಚಪ್ಪಟೆ ಆಗ್ಬೇಕು. ತುಟಿ ಕೊನೆಗಳು ಒಳಕ್ಕೆ, ಬಿಗಿಯಾಗಿ. ನನ್ನ ಬಾಯಿ ನೋಡು, ಹೀಗೆ.”

“ಸಿಟ್ಟು ಬಂದಿರೋ ಹಾಗೆ ಕಾಣುತ್ತೆ ಮೇಡಂ.”

“ಕಂಡ್ರೆ ಕಾಣ್ಲಿ ಬಿಡು. ಈ ಕೋಣೇಲಿ ಯಾರನ್ನೂ ಮೆಚ್ಚಿಸೋಕೆ ನೀನು ನಗಬೇಕಾಗಿಲ್ಲ, ಮಗಳೇ.”

ಅವಳು ಮತ್ತೆ ಊದಿದಳು. ಈ ಸಲ ಯಾರೂ ನಗಲಿಲ್ಲ.

*

“ತುಟಿ ಮೇಲಿರೋದು ಮೇಣ, ಬಣ್ಣ ಅಷ್ಟೆ,” ಎಂದ ಗ್ರೇಡಿ ಬಾಗಿಲ ಕಡೆ ನೋಡುತ್ತಾ. “ತಿದ್ದಬಹುದು. ಆದ್ರೆ ಅವರ ಬಾಯಿ ಹೇಗಿರ್ತಿತ್ತೋ, ನಾನು ಕಂಡವನಲ್ಲ.”

ಡಾರ್ಲೀನ್ ಕ್ಲಾರಿನೆಟ್ ತುಟಿಗಿಟ್ಟು, ಊದದೆ, ಹಾಗೇ ನಿಂತಳು. ಗದ್ದ ಚಪ್ಪಟೆಯಾಯಿತು, ತುಟಿಯ ಕೊನೆಗಳು ಬಿಗಿದವು. ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂದರೂ ಬಾಯಿ ಅಲುಗಲಿಲ್ಲ. ಗ್ರೇಡಿ ಒಮ್ಮೆ ಅವಳನ್ನು, ಒಮ್ಮೆ ಮೇಡಂ ಅವರನ್ನು ನೋಡುತ್ತಾ ಮೇಣ ಕೆರೆಯತೊಡಗಿದ.

ಬಾಗಿಲು ತೆರೆದಾಗ ಮೊದಲು ಬಂದವನು ಕರ್ಟಿಸ್.

“ಇದೇನ್ರೀ ಗ್ರೇಡಿ! ಎದ್ದು ಕೂತು ಬೈಯೋ ಹಾಗಿದ್ದಾರೆ!”

ಅವನ ಹಿಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಲಾರಿಯವರು, ನರ್ಸುಗಳು, ಅಂಗಡಿಯವರು, ಎಲ್ಲರೂ ಹಳೆಯ ವಿದ್ಯಾರ್ಥಿಗಳೇ. ಮೇಡಂ ಅವರ ಮುಖ ಕಂಡದ್ದೇ ಗುಸುಗುಸು ನಿಂತಿತು. ಒಬ್ಬೊಬ್ಬರದೇ ಬೆನ್ನು ನೆಟ್ಟಗಾಯಿತು. ಮುಂದಿದ್ದ, ಅರವತ್ತು ದಾಟಿದ ದಢೂತಿ ಆಸಾಮಿ, ಬಾಯಲ್ಲಿದ್ದ ಚ್ಯೂಯಿಂಗ್ ಗಮ್ಮನ್ನು ಗುಳುಕ್ಕನೆ ನುಂಗಿಬಿಟ್ಟ.