ಫಿನ್‌ಲ್ಯಾಂಡ್ ಸಾಹೇಬರ ಬೈಗುಳ

“ನೌಕರಿ ಇದ್ದಾವ ಮುಂಜಾನೆದ್ದು ಬುತ್ತಿ ಕಟಗೊಂಡು ಹೊರಗ ಬೀಳ್ತಾನೋ ತಮ್ಮಾ. ನೀ ಹಾಲು ತರಾಕಷ್ಟ ಕೆಳಗಿಳೀತಿ,” ಎಂದರು ಗುರುಶಿದ್ದಪ್ಪ, ಮೆಟ್ಟಿಲಿಗೆ ಅಡ್ಡ ಕೂತು ಅಡಿಕೆ ಕತ್ತರಿಸುತ್ತ.

ಹಾಲಿನ ಪಾಕೀಟು ಹಿಡಿದ ದತ್ತು ಅಲ್ಲೇ ನಿಂತ. ಉಣಕಲ್ಲಿನ ಈ ಮನೆಯ ಮಹಡಿಗೆ ಅವನು ಬಾಡಿಗೆಗೆ ಬಂದಾಗಿನಿಂದ ಮಾಲೀಕರ ತಕರಾರು ಇದೊಂದೇ.

“ಆಫೀಸೇ ಇಲ್ರಿ ಕಾಕಾರ. ಕಂಪನಿಯವರೆಲ್ಲಾ ಅವರವರ ಮನ್ಯಾಗ ಕೂತು ಕೆಲಸ ಮಾಡ್ತೇವಿ. ನಮ್ಮ ಪ್ರೋಗ್ರಾಮು ಯಾರು ಬೇಕಾದ್ರೂ ಪುಕ್ಕಟ ತಗೋಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.”

“ಪುಕ್ಕಟ ಕೊಡಾವ್ರು ನಿನಗ ಪಗಾರ ಎಲ್ಲಿಂದ ಕೊಡ್ತಾರ?”

“ಕೆಟ್ಟಾಗ ರಿಪೇರಿ ಮಾಡಿಕೊಟ್ಟು ರೊಕ್ಕಾ ತಗೋತಾರ್ರಿ.”

ಸಮೀಪದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರ್ ಆಗಿ ಆಯುಷ್ಯ ಸವೆಸಿದ ಗುರುಶಿದ್ದಪ್ಪನವರಿಗೆ ರಿಪೇರಿ ಅನ್ನೋ ಮಾತು ತುಸು ಹಿಡಿಸಿತು. ಆದರೆ ತುಸುವೇ.

“ಸಾಹೇಬ ಎಲ್ಲಿರ್ತಾನ?”

“ಫಿನ್‌ಲ್ಯಾಂಡಿನ್ಯಾಗ್ರಿ.”

“ನೋಡೀಯೇನು ಅವನ್ನ?”

“ಇಲ್ರಿ. ಅವರೂ ನನ್ನ ನೋಡಿಲ್ಲ.”

“ಕೇಳಿದೇನ ಹುಲಿಗೆವ್ವಾ? ಒಬ್ಬರ ಮಾರಿ ಒಬ್ಬರು ನೋಡಿಲ್ಲಂತ!”

“ನಮ್ಮ ಲಗ್ನ ಹೆಂಗಾತು ಮತ್ತ?” ಒಳಗಿನಿಂದ ಹುಲಿಗೆವ್ವನ ದನಿ ಬಂತು. “ಇಷ್ಟ ವರ್ಷ ನಡದಿಲ್ಲೇನು?”

ಗುರುಶಿದ್ದಪ್ಪ ಅಡಿಕೆ ಚೂರು ಬಾಯಿಗೆ ಹಾಕಿಕೊಂಡರು. “ಬ್ಯಾಂಕಿನ ಕ್ಲಾರ್ಕ್ ಒಬ್ಬಾವ ಖೋಲಿ ಕೇಳಾಕತ್ತಾನ. ಖಾಲಿ ಕೂತಾವನ್ನ ಇಟಗೊಂಡು ಓಣಿಯವರಿಗೆ ನಾ ಏನು ಹೇಳ್ಲಿ?”

ದತ್ತು ಲೆಕ್ಕ ಹಾಕಿದ. ಬೇರೆ ಮನೆಯೇನೋ ಸಿಕ್ಕೀತು. ಆದರೆ ದೂರವಾಣಿ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದು ಹಾಕಿಸಿಕೊಂಡ ಬ್ರಾಡ್‌ಬ್ಯಾಂಡ್ ಈ ಕೋಣೆಗಷ್ಟೇ ಬಂದಿತ್ತು. ಮನೆ ಬಿಟ್ಟರೆ ಲೈನು ಹೋಯಿತು, ಲೈನು ಹೋದರೆ ನೌಕರಿಯೂ ಹೋಯಿತು.

“ಸಂಜಿಮುಂದ ಮ್ಯಾಲ ಬರ್ರಿ ಕಾಕಾರ. ಕಂಪನಿಯವರೆಲ್ಲಾ ಕೂಡಿ ಕಂಪ್ಯೂಟರಿನ್ಯಾಗ ಬರಕೋತ ಮಾತಾಡ್ತೇವಿ. ನೀವ ನೋಡ್ರಿ.”

ಅವತ್ತೇ ಎಡವಟ್ಟಾಗಬೇಕೇ! ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ಹೋಯಿತು. ಕಂಪ್ಯೂಟರ್ ಕೆಳಗಿನ ಸಣ್ಣ ಬ್ಯಾಟರಿ ಕುಂಯ್ ಕುಂಯ್ ಅನ್ನತೊಡಗಿತು. ಅದು ಸಾಯುವುದರೊಳಗೆ ಕಳಿಸಿಬಿಡೋಣವೆಂದು ದತ್ತು ತಾನು ಪ್ರೋಗ್ರಾಮಿಗೆ ಮಾಡಿದ ತಿದ್ದುಪಡಿಯನ್ನು ಪರೀಕ್ಷಿಸದೆಯೇ ಕಳಿಸಿದ. ಸಂಜೆ ಕರೆಂಟು ಬಂದು ಚಾಟ್ ತೆರೆದರೆ ಪರದೆಯ ತುಂಬ ಅವನದೇ ಹೆಸರು. ಆ ಕಂಪನಿಯಲ್ಲಿ ಗುಟ್ಟು ಅನ್ನುವುದೇ ಇಲ್ಲ. ಹೊಗಳುವುದೂ ಬಯಲಲ್ಲೇ, ಬೈಯುವುದೂ ಬಯಲಲ್ಲೇ. ಮುಚ್ಚಿಬಿಡಲೇ ಅಂದುಕೊಳ್ಳುವಷ್ಟರಲ್ಲಿ ಗುರುಶಿದ್ದಪ್ಪ ಬಂದು, ಮೂಗಿಗೆ ಚಾಳೀಸು ಏರಿಸಿ ಕುರ್ಚಿಯಲ್ಲಿ ಕೂತಾಗಿತ್ತು.

“ಇಂಗ್ಲೀಷು ನನಗ ಒಲ್ಲೆ ಅಂತೈತಿ. ಏನಂತಾರ, ಓದು.”

ಇಲ್ಲದ್ದೊಂದು ಹೊಗಳಿಕೆ ಹೇಳಿಬಿಡಬಹುದಿತ್ತು. ದತ್ತುವಿಗೆ ನಾಲಿಗೆ ಹೊರಳಲಿಲ್ಲ.

“ಈಕಿ ಬ್ರಾಜಿಲ್‌ದಾಕಿ. ‘ದತ್ತು, ನೀ ಕಳಿಸಿದ್ದು ಹಾಕಿದಮ್ಯಾಲ ನನ್ನ ಕೆಲಸೆಲ್ಲಾ ನಿಂತೈತಿ’ ಅಂತಾಳ್ರಿ. ಸಾಹೇಬರು ‘ನೋಡದ ಯಾಕ ಕಳಿಸಿದಿ? ಮೊದಲ ಸರಿ ಮಾಡು, ಆಮ್ಯಾಲ ಚಾ ಕುಡಿ’ ಅಂತಾರ.”

ಗುರುಶಿದ್ದಪ್ಪ ಮುಂದಕ್ಕೆ ಬಾಗಿದರು. “ಬೈಯ್ಯಾಕತ್ತಾನೇನು?”

“ಹೌದ್ರಿ.”

“ಎಲ್ಲಾರ ಮುಂದ?”

“ಎಲ್ಲಾರ ಮುಂದ್ರಿ.”

ಮುದುಕರ ಮುಖ ದೀಪ ಹಚ್ಚಿದಂತೆ ಅರಳಿತು. “ಹುಲಿಗೆವ್ವಾ, ಲಗೂ ಬಾ! ದತ್ತೂಗ ಸಾಹೇಬ ಬೈಯ್ಯಾಕತ್ತಾನ! ಖರೇ ನೌಕರಿ ಐತಿ ಇವಂಗ!”

“ಪಾಪ, ಹುಡುಗ ಬೈಸಿಕೊಂಡ್ರ ನಿಮಗ ಹಬ್ಬ ಏನ್ರಿ?” ಸೆರಗಿಗೆ ಕೈ ಒರೆಸುತ್ತ ಹುಲಿಗೆವ್ವ ಬಾಗಿಲಲ್ಲಿ ನಿಂತರು.

“ಕೆಲಸ ಇಲ್ದಾವಗ ಯಾರು ಬೈತಾರ? ನಮ್ಮ ಫೋರ್ಮನ್ನೂ ಹಿಂಗ, ಹತ್ತು ಮಂದ್ಯಾಗ ಝಾಡಿಸ್ತಿದ್ದ.” ಮರುಕ್ಷಣ ಗುರುಶಿದ್ದಪ್ಪನವರ ದನಿಯೇ ಫೋರ್ಮನ್ನನದಾಯಿತು. “ಆದ್ರ ನೋಡದ ಯಾಕ ಕಳಿಸಿದಿ ತಮ್ಮಾ? ತಪ್ಪಲ್ಲೇನದು?”

“ಕರೆಂಟ್ ಹೋಗಿತ್ರಿ. ಬ್ಯಾಟರಿ ತಡೀಲಿಲ್ಲ.”

“ಕೆಳಗ ಇನ್ವರ್ಟರ್ ಇತ್ತಲ್ಲೋ?”

“ಹ್ವಾದ ತಿಂಗಳ ಕೇಳಿದ್ನಿ. ‘ಖಾಲಿ ಕೂತಾವಗ ಯಾಕ’ ಅಂದ್ರಿ.”

ಹುಲಿಗೆವ್ವ ಗಂಡನನ್ನೇ ನೋಡಿದರು. ಗುರುಶಿದ್ದಪ್ಪ ಕೆಮ್ಮಿ, ಚಾಳೀಸು ತೆಗೆದು ಜೇಬಿಗಿಟ್ಟು, “ನೀ ಮೊದಲ ರಿಪೇರಿ ಮುಗಸು. ಕ್ಲಾರ್ಕನಿಗೆ ನಾ ಹೇಳ್ತೇನಿ, ಖೋಲಿ ಇಲ್ಲಂತ,” ಎಂದು ಕೆಳಗಿಳಿದು ಹೋದರು.

ದತ್ತು ಕೀಲಿಮಣೆಗೆ ಕೈ ಹಚ್ಚಿದ. ತಪ್ಪು ಎಲ್ಲಿದೆ ಎಂದು ತಿಳಿಯುವ ಹೊತ್ತಿಗೆ ಕರೆಂಟು ಮತ್ತೆ ಹೋಯಿತು, ಬ್ಯಾಟರಿ ಮತ್ತೆ ಕುಂಯ್ ಅಂದಿತು. ಅಷ್ಟರಲ್ಲಿ ಕಿಟಕಿಯ ಸರಳಿಗೆ ಏನೋ ಟಣ್ಣನೆ ಬಡಿಯಿತು. ಬಟ್ಟೆ ಒಣಹಾಕುವ ಕೋಲಿನ ತುದಿಗೆ ಕಟ್ಟಿದ ಸ್ವಿಚ್ ಬೋರ್ಡೊಂದು ಕೆಳಮನೆಯಿಂದ ವೈರು ಎಳೆದುಕೊಂಡು ಮೇಲೆ ಬಂದಿತ್ತು; ಅದರ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು.