ಪರೀಕ್ಷಿಸಿದವರು

"ಸಹಿ ಹಾಕೋಕೆ ಬರುತ್ತೆ ಅಂತ ಮೆರೀತಿದ್ಯಲ್ಲ ಮುದುಕಿ, ಈಗ ಅನುಭವಿಸು," ಎಂದು ಮೇಸ್ತ್ರಿ ನನ್ನ ಕೈಯಲ್ಲಿದ್ದ ಮುಚ್ಚಳ ಕಿತ್ತುಕೊಂಡ. "ಏಳು. ಮಾಲೀಕರ ವಕೀಲರು ಕರೀತಿದಾರೆ. ನಮ್ಮೆಲ್ಲರ ತಲೆ ತಿಂದೆ, ದರಿದ್ರ ಮುಂಡೆ."

ನಾನು ಕುಕ್ಕರಿನ ಮುಚ್ಚಳಗಳಿಗೆ ಹಳೆ ಪೇಪರು ಸುತ್ತುತ್ತಿದ್ದೆ. ಶೆಡ್ಡಿನ ಹೆಂಗಸರೆಲ್ಲರ ಕೈ ಒಮ್ಮೆಲೇ ನಿಂತಿತು. ಏನಾಯಿತೆಂದು ದಾರಿಯಲ್ಲಿ ಮೇಸ್ತ್ರಿಯೇ ಹೇಳಿದ. ನಮ್ಮಲ್ಲಿಂದ ಹೋದ ಕುಕ್ಕರೊಂದು ಯಾರದೋ ಅಡುಗೆಮನೆಯಲ್ಲಿ ಸಿಡಿದಿದೆ. ಮುಚ್ಚಳ ಹಾರಿ ಬಡಿದು ಆ ಮನೆಯ ಸೊಸೆಯ ಒಂದು ಕಣ್ಣು ಹೋಗಿದೆ. ಡಬ್ಬಿಯೊಳಗಿನ ಚೀಟಿಯಲ್ಲಿ ನನ್ನ ಸಹಿ ಇದೆ.

ನನ್ನ ಕೈ ನಡುಗತೊಡಗಿದ್ದು ಅಲ್ಲಿಂದ.

ಆ ಚೀಟಿಯ ವಿಷಯ ಹೇಳಿಬಿಡುತ್ತೇನೆ. ಅಂಗೈಯಗಲದ ಹಳದಿ ಕಾಗದ. "ಪರೀಕ್ಷಿಸಿದವರು" ಎಂದು ಅಚ್ಚಾಗಿ, ಮುಂದೆ ಒಂದು ಖಾಲಿ ಗೆರೆ. ಮೊದಲೆಲ್ಲ ಮೇಸ್ತ್ರಿಯೇ ಅದರ ಮೇಲೆ ಗೀಚುತ್ತಿದ್ದ. ಅರವತ್ತು ದಾಟಿದ ಮೇಲೆ ನಾನು ರಾತ್ರಿಶಾಲೆ ಸೇರಿ, ಎರಡು ವರ್ಷ ತಿದ್ದಿ, ಪರೀಕ್ಷೆ ಬರೆದು ಪಾಸಾದೆ. ಶೆಡ್ಡಿನವರು ಗೇಲಿಗೆ ಟೀಚರಮ್ಮ ಎನ್ನತೊಡಗಿದರು. ಆ ವಾರವೇ ಮೇಸ್ತ್ರಿ ಚೀಟಿಗಳ ಕಟ್ಟನ್ನು ನನ್ನ ಮಡಿಲಿಗೆ ಎಸೆದು, ಇನ್ನು ನೀನೇ ಹಾಕು ಎಂದ. ಅಕ್ಷರ ಕೂಡಿಸಿ ಓದಿದೆ. ಪರೀಕ್ಷಿಸಿದವರು. ಪರೀಕ್ಷೆ ಕಟ್ಟಿ ಪಾಸಾದವರು ಎಂದುಕೊಂಡೆ. ಶೆಡ್ಡಿನಲ್ಲಿ ಪರೀಕ್ಷೆ ಬರೆದವಳು ನಾನೊಬ್ಬಳೇ ತಾನೆ? ದಿನಕ್ಕೆ ಮುನ್ನೂರು ಸಲ, ನಾಲಗೆ ಕಚ್ಚಿಕೊಂಡು, ಒಂದು ಕೊಂಬೂ ಕೆಡದಂತೆ ಹೆಸರು ಬರೆದೆ.

ಕುಕ್ಕರಿಗೆ ಗಾಳಿ ತುಂಬಿ ನೋಡುವ ಯಂತ್ರವೊಂದು ಶೆಡ್ಡಿನ ಮೂಲೆಯಲ್ಲಿದೆ. ಅದು ಕೆಟ್ಟು ಬಹಳ ಕಾಲವಾಯಿತು. ಅದರ ಮೇಲೆ ನಾವು ಊಟದ ಡಬ್ಬಿ ಇಡುತ್ತೇವೆ.

ವಕೀಲರ ಆಫೀಸು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೇಸ್ತ್ರಿ ಬೆಂಚಿನ ಮೇಲೆ ಕುಳಿತ, ನಾನು ಗೋಡೆಗೆ ಒರಗಿ ನಿಂತೆ. ವಕೀಲರ ಮುಖ ನನಗೆ ಹೊಸದಲ್ಲ. ಮುಚ್ಚಳಕ್ಕೆ ಸುತ್ತುವ ಪೇಪರಿನಲ್ಲಿ ಪ್ರತಿ ಗುರುವಾರದ್ದರಲ್ಲೂ ಅವರ ಫೋಟೊ, ಕೆಳಗೆ ಬರಹ. ಕಲಬೆರಕೆ ಎಣ್ಣೆ, ಹೊತ್ತಿಕೊಂಡ ಫೋನಿನ ಚಾರ್ಜರು, ದಿನ ಮೀರಿದ ಔಷಧಿ, ಆ ವಾರ ಏನು ಸುದ್ದಿಯೋ ಅದರ ಮೇಲೆ ಬರೆಯುತ್ತಿದ್ದರು. ನನಗೆ ಓದು ಸಲೀಸಾದದ್ದೇ ಅವರ ತಲೆಬರಹಗಳಿಂದ. ಸುತ್ತುವಾಗ ಅವರ ಮುಖ ಮಡಿಕೆಗೆ ಸಿಗದಂತೆ ನೋಡಿಕೊಳ್ಳುತ್ತಿದ್ದೆ.

ಅಂಥದ್ದೊಂದು ಬರಹಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ನಿಂತಲ್ಲೇ ಓದಿದೆ. "ಗ್ರಾಹಕರೇ, ಡಬ್ಬಿ ಬಿಚ್ಚಿದ ಕೂಡಲೇ ಪರೀಕ್ಷಿಸಿದವರ ಸಹಿ ಹುಡುಕಿ. ವಸ್ತುವನ್ನು ಒಬ್ಬರು ಕಣ್ಣಾರೆ ನೋಡಿ, ಸರಿಯಿದೆ ಎಂದು ನಿಮಗೆ ಕೊಟ್ಟ ಮಾತು ಅದು."

ಎರಡು ಸಲ ಓದಿದೆ. ಮೂರನೆಯ ಸಲಕ್ಕೆ ಅರ್ಥವಾಯಿತು. ಎಷ್ಟು ಮನೆಗಳಿಗೆ ನಾನು ಮಾತು ಕೊಟ್ಟಿದ್ದೆ?

ವಕೀಲರು ಮೆತ್ತಗೆ ಮಾತಾಡಿದರು. ಟೈಪು ಮಾಡಿದ ಹಾಳೆಯೊಂದನ್ನು ಮುಂದೆ ಸರಿಸಿ, ಓದುವ ಶ್ರಮ ಬೇಡ, ಕೆಳಗೊಂದು ಸಹಿ ಸಾಕು ಎಂದರು. ನಾನು ಓದುತ್ತೇನೆ ಎಂದೆ. ಇವಳೊಬ್ಬಳು ದೊಡ್ಡ ಜಡ್ಜು ಎಂದು ಮೇಸ್ತ್ರಿ ಹಲ್ಲು ಕಡಿದ. ಬೆರಳಿಟ್ಟುಕೊಂಡು ಓದಿದೆ. ಆ ಕುಕ್ಕರನ್ನು ನಾನೇ ಪರೀಕ್ಷಿಸಿದ್ದೇನಂತೆ. ತಪ್ಪಿಗೆಲ್ಲ ನಾನೊಬ್ಬಳೇ ಹೊಣೆಯಂತೆ. ಮಾಲೀಕರಿಗೆ ಏನೂ ಗೊತ್ತಿರಲಿಲ್ಲವಂತೆ.

"ಯಂತ್ರ ಕೆಟ್ಟಿದೆ ಸಾರ್," ಎಂದೆ. "ಅದರ ಮೇಲೆ ಊಟದ ಡಬ್ಬಿ ಇಡ್ತೀವಿ."

ವಕೀಲರು ಹಾಳೆಯ ಮೇಲೆ ಪೆನ್ನು ಇಟ್ಟರು. "ಅದನ್ನ ನಾನು ಕೇಳಿಸ್ಕೊಂಡಿಲ್ಲ ಅಜ್ಜಿ. ನೀವೂ ಹೇಳಿಲ್ಲ."

"ಪೇಪರಲ್ಲಿ ಎಲ್ಲಾ ಬರೀತೀರಲ್ಲ ಸಾರ್."

"ಅದು ಕೊಳ್ಳೋರಿಗೆ ಬರೆಯೋದು. ನೀವೇನು ಕೊಂಡ್ರಿ?"

ವಯಸ್ಸಾದವರ ಮೇಲೆ ಕೋರ್ಟು ಕನಿಕರ ತೋರಿಸುತ್ತದೆ, ಬಹಳ ದಿನ ಒಳಗಿಡುವುದಿಲ್ಲ ಎಂದು ಅವರು ಸಮಾಧಾನ ಹೇಳಿದರು. ಒಳಗೆ ಎನ್ನುವುದೊಂದೇ ನನಗೆ ಕೇಳಿಸಿತು. ಪೆನ್ನು ಹಿಡಿದೆ. ಮೊದಲ ಅಕ್ಷರಕ್ಕೂ ಮುಂಚೆ ಅದು ಜಾರಿ ಬಿತ್ತು. ಕೈ ನಡುಗುತ್ತಿದೆ, ಚೀಟಿಯಲ್ಲಿದ್ದಂತೆ ಬರುವುದಿಲ್ಲ ಎಂದೆ. ವಕೀಲರು ಯೋಚಿಸಿದರು. ಎರಡು ಸಹಿಯೂ ಒಂದೇ ಥರ ಇರಬೇಕಲ್ಲ. ಸಂಜೆಯೊಳಗೆ ಕೈ ಸರಿಮಾಡಿಕೊಂಡು ಬನ್ನಿ ಎಂದು ಕಳಿಸಿದರು.

ವಾಪಸು ಬರುವಾಗ ಓಣಿಯ ಮನೆಯೊಂದರಲ್ಲಿ ಕುಕ್ಕರ್ ಕೂಗಿತು. ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡೆ. ಒಳಗೆ ಯಾರೋ ಹೆಂಗಸು ಮಗುವನ್ನು ರಮಿಸುತ್ತಿದ್ದಳು. ಎರಡನೆಯ ಕೂಗು. ಮೂರನೆಯದು. ಆಮೇಲೆ ಒಲೆ ಆರಿಸಿದ ಸದ್ದು. ನಮ್ಮದೋ, ಬೇರೆಯವರದೋ, ಯಾರಿಗೆ ಗೊತ್ತು? ಮೇಸ್ತ್ರಿ ಬಿದ್ದು ಬಿದ್ದು ನಕ್ಕ.

ಶೆಡ್ಡಿನ ಬಾಗಿಲಲ್ಲಿ ಲಾರಿ ನಿಂತಿತ್ತು. ಮುನ್ನೂರು ಡಬ್ಬಿಗಳು ಬಾಯಿ ತೆರೆದು ಚೀಟಿಗಾಗಿ ಕಾಯುತ್ತಿದ್ದವು.

"ಕೈ ಪಳಗಿಸ್ಕೋ ಅಂದ್ರಲ್ಲ, ಇದ್ರಲ್ಲೇ ಪಳಗಿಸು," ಎಂದು ಮೇಸ್ತ್ರಿ ಕಟ್ಟನ್ನು ಮುಂದೆ ಹಾಕಿ ಲಾರಿಯವನೊಡನೆ ಹರಟಲು ಹೋದ.

ಮೊದಲ ಚೀಟಿ ಎಳೆದುಕೊಂಡೆ. ಪರೀಕ್ಷಿಸಿದವರು. ಆ ಗೆರೆಯ ಮೇಲೆ ಬರೆದೆ: ಯಾರೂ ಇಲ್ಲ. ಕೆಳಗೆ ನನ್ನ ಹೆಸರು. ಎರಡನೆಯದಕ್ಕೂ ಹಾಗೇ. ಪಕ್ಕದಲ್ಲಿ ಡಬ್ಬಿಗೆ ಟೇಪು ಹಚ್ಚುವವಳಿಗೆ ಓದು ಬಾರದು. ಬಗ್ಗಿ ನೋಡಿದಳು.

"ಟೀಚರಮ್ಮ, ಇವತ್ತು ಹೆಸರು ಉದ್ದ ಆಗಿದೆಯಲ್ಲ?"

"ಹೂಂ ಕಣೇ. ಇವತ್ತು ಪೂರ್ತಿ ಬರೀತಿದೀನಿ."

ನಡುವೆ ಮೇಸ್ತ್ರಿ ಬಂದು ಬರೆದಿಟ್ಟ ಚೀಟಿಯೊಂದನ್ನು ಎತ್ತಿಕೊಂಡ. ಅವನು ಅದನ್ನು ಸುರುಳಿ ಸುತ್ತಿ, ಕಿವಿ ಕೆರೆದುಕೊಂಡು ಬಿಸಾಡಿದ. ಆ ಡಬ್ಬಿಗೆಂದು ಇನ್ನೊಂದು ಬರೆದೆ.

ಟೇಪು ಬಿತ್ತು. ಡಬ್ಬಿಗಳು ಏರಿದವು. ಲಾರಿ ಹೊರಟು ತಿರುವಿನಲ್ಲಿ ಮರೆಯಾಯಿತು. ಮೇಸ್ತ್ರಿ ಎದುರಿಗೆ ನಿಂತು, ವಕೀಲರ ಹತ್ತಿರ ಹೊರಡು, ಎಲ್ಲಿ ಕೈ ತೋರಿಸು ಎಂದ. ಚಾಚಿದೆ.

"ಇನ್ನೂ ನಡುಗ್ತಾ ಇದೆಯಲ್ಲೇ."

"ನಡುಗುತ್ತೆ ಕಣಪ್ಪ," ಎಂದೆ. "ಆದ್ರೂ ಅಕ್ಷರ ಸರಿಯಾಗಿ ಬರ್ತಿದೆ."